ಶ್ವಾನಪಾಲನೆಯೂ ಶ್ರಾವಕಧರ್ಮವೂ: ಒಂದು ಐತಿಹಾಸಿಕ ಅವಲೋಕನ

ಅಹಿಂಸೆಯ ಮಾತು ಬಂದಾಗ ಜೈನ ಮನೆತನಗಳಲ್ಲಿ ಮೊದಲು ನೆನಪಾಗುವುದು ಆಹಾರದ ವಿಷಯ. ರಾತ್ರಿಭೋಜನ ತ್ಯಾಗ, ಸೋಸಿದ ನೀರಿನ ಬಳಕೆ, ಕಂದಮೂಲಗಳ ವರ್ಜನೆ ಇವು ಮಕ್ಕಳಿಗೂ ತಿಳಿದಿರುವ ಆಚಾರಗಳು. ಆದರೆ ಅಂಗಳದ ಮೂಲೆಯಲ್ಲಿ ಕಟ್ಟಿಹಾಕಿದ ನಾಯಿಯ ವಿಷಯದಲ್ಲಿ, ಬಸದಿಯ ಹೆಬ್ಬಾಗಿಲ ಬಳಿ ಮಲಗಿರುವ ಬೀದಿನಾಯಿಯ ವಿಷಯದಲ್ಲಿ ಶ್ರಾವಕನ ಕರ್ತವ್ಯವೇನು ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅದು ಸಣ್ಣ ವಿಷಯವೆಂದು ತೋರಬಹುದು. ಸಾವಿರ ವರ್ಷಗಳ ಕನ್ನಡ ನಾಡಿನ ಇತಿಹಾಸವನ್ನು ನೋಡಿದರೆ ಹಾಗಲ್ಲವೆಂಬುದು ತಿಳಿಯುತ್ತದೆ.

ಮಂಗಳೂರಿನಲ್ಲಿ ಈ ಪ್ರಶ್ನೆಗೆ ಇಂದು ಹೊಸ ತೀವ್ರತೆ ಬಂದಿದೆ. ಹಿಂದೆ ಇಲ್ಲಿನ ಮನೆ ಎಂದರೆ ಹಂಚಿನ ಮಾಡು, ಮುರಕಲ್ಲಿನ ಗೋಡೆ, ಸುತ್ತ ತೆಂಗು-ಹಲಸಿನ ಹಿತ್ತಿಲು. ನಾಯಿ ಆ ಹಿತ್ತಿಲಿನ ಜೀವವಾಗಿತ್ತು. ಮನೆಯವರು ಉಂಡು ಉಳಿದದ್ದನ್ನು ತಿಂದು, ಜಗಲಿಯ ಕೆಳಗೆ ಮಲಗಿ, ರಾತ್ರಿ ಬೊಗಳಿ ಕಾಯುತ್ತಿತ್ತು. ಕದ್ರಿ, ಬಿಜೈ, ಬೆಂದೂರುಗಳಲ್ಲಿ ಹಿತ್ತಿಲುಗಳು ಹೋಗಿ ಬಹುಮಹಡಿ ಕಟ್ಟಡಗಳು ಎದ್ದ ಮೇಲೆ ಅದೇ ಜೀವ ಐದನೆಯ ಮಹಡಿಯ ಮೂರು ಕೋಣೆಗಳೊಳಗೆ ಬಂತು. ಹಿಮಪ್ರದೇಶದ ದಟ್ಟರೋಮದ ತಳಿಗಳೂ ಕರಾವಳಿಯ ಸೆಕೆಗೆ ಬಂದವು. ನಾಯಿಯ ಸ್ಥಾನ ಬದಲಾಯಿತು. ಸಾಕುವವನ ತಿಳಿವಳಿಕೆ ಆ ವೇಗದಲ್ಲಿ ಬದಲಾಗಲಿಲ್ಲ. ನೆರೆಹೊರೆಯ ಜಗಳ, ಮಕ್ಕಳಿಗೆ ಕಡಿತ, ಬೀದಿಗೆ ಬಿಟ್ಟ ಮರಿಗಳು ಇವೆಲ್ಲ ಈ ಅಂತರದ ಫಲಗಳು.

ಶಾಸ್ತ್ರದ ಎರಡು ನೋಟಗಳು

ಜೈನ ಆಚಾರಗ್ರಂಥಗಳಲ್ಲಿ ಪ್ರಾಣಿಪಾಲನೆಯ ಬಗ್ಗೆ ಎರಡು ನೋಟಗಳಿವೆ. ಮೊದಲನೆಯದು ಎಚ್ಚರಿಕೆಯ ನೋಟ. ಸ್ವಾಮಿ ಕಾರ್ತಿಕೇಯರ ಅನುಪ್ರೇಕ್ಷಾ ಗ್ರಂಥವು ಬೆಕ್ಕು ಮೊದಲಾದ ಹಿಂಸಕ ಪ್ರಾಣಿಗಳನ್ನು ಇಟ್ಟುಕೊಳ್ಳುವುದನ್ನು ಅನರ್ಥದಂಡಗಳಲ್ಲಿ ಎಣಿಸಿದೆ. ಆಯುಧಗಳ ಮಾರಾಟವನ್ನೂ ಅದರ ಜೊತೆಯಲ್ಲೇ ಹೇಳಿದೆ. ಇನ್ನೊಂದು ಜೀವವನ್ನು ಕೊಲ್ಲುವ ಜೀವವನ್ನು ಸಾಕಿದವನು ಆ ಕೊಲೆಯ ಪಾಲುಗಾರನಾಗುತ್ತಾನೆ ಎಂಬುದು ಇದರ ತಾತ್ಪರ್ಯ. ಹಿಂಸಕ ಪ್ರಾಣಿಗಳ ಪೋಷಣೆಯಿಂದ ಜೀವನೋಪಾಯ ನಡೆಸುವುದು ಶ್ರಾವಕನಿಗೆ ನಿಷಿದ್ಧವಾದ ಹದಿನೈದು ಉದ್ಯೋಗಗಳಲ್ಲಿ ಒಂದು. ಮರಿಗಳನ್ನು ಹೆರಿಸಿ ಮಾರುವ ಇಂದಿನ ವ್ಯಾಪಾರದ ಬಗ್ಗೆ ಯೋಚಿಸುವವರು ಈ ಮಾತನ್ನು ಗಮನಿಸಬೇಕು.

ಎರಡನೆಯದು ಕರುಣೆಯ ನೋಟ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಧರ್ಮದ ಬಲದಿಂದ ನಾಯಿಯೂ ದೇವನಾಗಬಹುದು, ಪಾಪದಿಂದ ದೇವನೂ ನಾಯಿಯಾಗಿ ಹುಟ್ಟಬಹುದು ಎಂಬ ಅಭಿಪ್ರಾಯವನ್ನು ಹೇಳಿದ್ದಾರೆ. ಎಲ್ಲ ಪ್ರಾಣಿಗಳಲ್ಲಿ ಅವರು ನಾಯಿಯನ್ನೇ ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಲೋಕ ತೀರ ಕೀಳೆಂದು ಬಗೆದ ಪ್ರಾಣಿಯಲ್ಲಿಯೂ ಪೂರ್ಣ ಜೀವತತ್ತ್ವವಿದೆ ಎಂಬುದನ್ನು ತೋರಿಸಲು ಅದಕ್ಕಿಂತ ತಕ್ಕ ಉದಾಹರಣೆ ದೊರಕದು. ಈ ಎರಡು ನೋಟಗಳು ಒಂದಕ್ಕೊಂದು ವಿರೋಧವಲ್ಲ. ಹಗುರ ಮನಸ್ಸಿನಿಂದ ಸಾಕಬೇಡ ಎಂದು ಒಂದು ಹೇಳಿದರೆ, ಎದುರಿಗಿರುವ ಜೀವವನ್ನು ಕಡೆಗಣಿಸಬೇಡ ಎಂದು ಇನ್ನೊಂದು ಹೇಳುತ್ತದೆ.

ಕಾಳಿ ಮತ್ತು ಹೆಸರಿಲ್ಲದ ನಾಯಿ

ಕನ್ನಡ ನಾಡಿನ ಇತಿಹಾಸದಲ್ಲಿ ಅತ್ಯಂತ ಪ್ರಸಿದ್ಧವಾದ ನಾಯಿ ಕಾಳಿ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಶಕವರ್ಷ 872ರ, ಎಂದರೆ ಕ್ರಿ.ಶ. 949-50ರ ಶಾಸನ ಅದರ ಕಥೆಯನ್ನು ಉಳಿಸಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲಂ ಯುದ್ಧದಲ್ಲಿ ಚೋಳರನ್ನು ಸೋಲಿಸಿದನು. ಅವನ ಪಕ್ಷದಲ್ಲಿ ಹೋರಾಡಿದವನು ಜೈನಧರ್ಮದ ಪೋಷಕರಾಗಿದ್ದ ಗಂಗ ಮನೆತನದ ಇಮ್ಮಡಿ ಬೂತುಗ. ಬೂತುಗನ ಸೇವಕನಾದ ಮಣಲೇರನ ಪರಾಕ್ರಮಕ್ಕೆ ಮೆಚ್ಚಿದ ದೊರೆ ಬೇಕಾದುದನ್ನು ಬೇಡು ಎಂದಾಗ ಆ ವೀರನು ಊರನ್ನಾಗಲಿ ಹೊನ್ನನ್ನಾಗಲಿ ಬೇಡದೆ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ಬಳಿಕ ಬೆಟ್ಟವೊಂದರಲ್ಲಿ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಡಲಾಯಿತು. ನಾಯಿಯೂ ಹಂದಿಯೂ ಪರಸ್ಪರ ಹೋರಾಡಿ ಎರಡೂ ಸತ್ತವು. ಕಾಳಿಯ ನೆನಪಿಗಾಗಿ ಆತಕೂರಿನ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಡಲಾಯಿತು. ಅರ್ಚಕನು ಆ ಕಲ್ಲನ್ನು ಪೂಜಿಸದೆ ಉಣ್ಣಬಾರದೆಂಬ ಕಟ್ಟಳೆಯೂ ಆಯಿತು. ನಾಯಿ ಮತ್ತು ಹಂದಿಯ ಕಾಳಗವನ್ನು ಕೆತ್ತಿದ ಆ ಕಲ್ಲನ್ನು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ಇದು ಪ್ರೀತಿಯ ಕಥೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಶ್ರಾವಕನ ಕಣ್ಣಿನಿಂದ ನೋಡಿದರೆ ಇದರಲ್ಲಿ ಒಂದು ನೋವಿದೆ. ಕಾಳಿ ತಾನಾಗಿ ಹಂದಿಯ ಬಳಿಗೆ ಹೋಗಲಿಲ್ಲ, ಅದನ್ನು ಬಿಡಲಾಯಿತು. ಪ್ರೀತಿಸಿದವರೇ ಅದನ್ನು ಸಾವಿಗೆ ಕಳುಹಿಸಿದರು. ಆಮೇಲೆ ಕಲ್ಲು ನೆಟ್ಟು ಗೌರವಿಸಿದರು. ಮನುಷ್ಯನು ತನ್ನ ಹೆಮ್ಮೆಗಾಗಿ ಪ್ರಾಣಿಯನ್ನು ಪ್ರೀತಿಸುವ ಬಗೆಗೆ ಇದಕ್ಕಿಂತ ಹಳೆಯ, ಇದಕ್ಕಿಂತ ಪ್ರಾಮಾಣಿಕವಾದ ದಾಖಲೆ ಕನ್ನಡದಲ್ಲಿ ಸಿಗುವುದು ಕಷ್ಟ.

ಜೈನ ಸಾಹಿತ್ಯದ ನಾಯಿ ಬೇರೆ ಬಗೆಯದು. ಅದಕ್ಕೆ ಹೆಸರಿಲ್ಲ, ಒಡೆಯನಿಲ್ಲ. ವಾದೀಭಸಿಂಹನ ಕ್ಷತ್ರಚೂಡಾಮಣಿ ಹೇಳುವಂತೆ, ಹವಿಸ್ಸನ್ನು ಮುಟ್ಟಿತೆಂಬ ಕಾರಣಕ್ಕೆ ಯಜ್ಞದವರ ಕೈಯಲ್ಲಿ ಪೆಟ್ಟು ತಿಂದು ಬಿದ್ದಿದ್ದ ನಾಯಿಯೊಂದನ್ನು ರಾಜಕುಮಾರ ಜೀವಂಧರನು ಕಂಡನು. ಅದನ್ನು ಬದುಕಿಸಲು ಯತ್ನಿಸಿದನು. ಸಾಧ್ಯವಾಗದಿದ್ದಾಗ ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳಿದನು. ಆ ನಾಯಿ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಮುಂದೆ ಜೀವಂಧರನಿಗೆ ಕಷ್ಟಕಾಲದಲ್ಲಿ ನೆರವಾಯಿತು. ಈ ಕಥೆಯನ್ನು ಭಾಸ್ಕರಕವಿ 1424ರಲ್ಲಿ ಕನ್ನಡ ಷಟ್ಪದಿಯಲ್ಲಿ ಬರೆದನು. ತುಳುನಾಡಿನ ಕೋಟೀಶ್ವರನೂ ಸುಮಾರು 1500ರ ಹೊತ್ತಿಗೆ ಜೀವಂಧರನ ಚರಿತೆಯನ್ನು ಷಟ್ಪದಿಯಲ್ಲಿ ರಚಿಸಿದನು. ಮೂಡುಬಿದಿರೆಯಲ್ಲಿ ಸಾವಿರ ಕಂಬದ ಬಸದಿಯೂ ಕಾರ್ಕಳದಲ್ಲಿ ಬಾಹುಬಲಿಯ ವಿಗ್ರಹವೂ ಎದ್ದ ಆ ಶತಮಾನದಲ್ಲಿ, ಪೆಟ್ಟು ತಿಂದ ಬೀದಿನಾಯಿಯ ಕಥೆ ಕರಾವಳಿಯ ಶ್ರಾವಕರಿಗೆ ಪರಿಚಿತವಾಗಿತ್ತು.

ಜೀವಂಧರನಿಗೆ ಆ ನಾಯಿಯಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಅದು ಅವನ ಮನೆ ಕಾಯಲಿಲ್ಲ, ಬೇಟೆಯಾಡಲಿಲ್ಲ. ಎದುರಿಗೆ ಬಿದ್ದಿದ್ದ ಜೀವಕ್ಕೆ ಆ ಕ್ಷಣದಲ್ಲಿ ಏನು ಬೇಕಿತ್ತೋ ಅದನ್ನು ಅವನು ಮಾಡಿದನು. ಕಾಳಿಯ ಕಥೆಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ.

ಬಂದೂಕು, ಪಾಂಜರಾಪೋಳ ಮತ್ತು ಲಸಿಕೆ

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಮಂಗಳೂರು ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಗೆ ಬಂದಿತು. ನಾಯಿಗಳ ವಿಷಯದಲ್ಲಿ ಕಂಪನಿ ಸರ್ಕಾರದ ಧೋರಣೆ ಸರಳವಾಗಿತ್ತು: ಒಡೆಯನಿಲ್ಲದ ನಾಯಿಯನ್ನು ಕೊಲ್ಲುವುದು. ಮುಂಬಯಿಯಲ್ಲಿ ಕೊಂದ ನಾಯಿಯೊಂದಕ್ಕೆ ಇಷ್ಟೆಂದು ಬಹುಮಾನವೂ ದೊರಕುತ್ತಿತ್ತು. 1832ರ ಜೂನ್ 6ರಂದು ಅಲ್ಲಿನ ಕೋಟೆ ಪ್ರದೇಶದಲ್ಲಿ ಪಾರಸಿಗಳ ಮುಂದಾಳುತನದಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. ಹಿಂದೂಗಳು, ಮುಸಲ್ಮಾನರು, ಜೈನರು ಅದರಲ್ಲಿ ಸೇರಿದರು. ಎರಡು ವರ್ಷಗಳ ನಂತರ, 1834ರಲ್ಲಿ, ಪಾರಸಿ ಮಹನೀಯ ಜಮ್‌ಶೆಟ್‌ಜಿ ಜೀಜೀಭಾಯ್ ಮತ್ತು ಜೈನ ವರ್ತಕ ಮೋತಿಚಂದ್ ಅಮೀಚಂದ್ ಅವರ ಪ್ರಯತ್ನದಿಂದ ಮುಂಬಯಿಯ ಪಾಂಜರಾಪೋಳ ಸ್ಥಾಪನೆಯಾಯಿತು.

ಈ ಘಟನೆಯನ್ನು ಜೈನ ಸಮಾಜ ಹೆಮ್ಮೆಯಿಂದ ನೆನೆಯುವುದು ಸಹಜ. ಆದರೆ ಇದರಿಂದ ಕಲಿಯಬೇಕಾದ ಪಾಠ ಇನ್ನೊಂದಿದೆ. ಪ್ರತಿಭಟನೆ ಬೇಗನೆ ಮುಗಿಯಿತು. ಪಾಂಜರಾಪೋಳವನ್ನು ದಿನದಿನವೂ ನಡೆಸಬೇಕಾಯಿತು. ಮೇವು, ನೀರು, ಜಾಗ, ಆಳು, ಹಣ ಎಲ್ಲವನ್ನೂ ಹೊಂದಿಸಬೇಕಾಯಿತು. ಕೊಲ್ಲಬೇಡಿ ಎಂದು ಹೇಳಿದವರು ಉಳಿದ ಜೀವದ ಹೊಣೆಯನ್ನೂ ಹೊತ್ತರು.

ಸರ್ಕಾರದ ಭಯಕ್ಕೆ ಆಧಾರವಿರಲಿಲ್ಲವೆಂದಲ್ಲ. ಹುಚ್ಚುನಾಯಿ ಕಡಿತದಿಂದ ಬರುವ ರೇಬೀಸ್ ರೋಗ ಒಮ್ಮೆ ಕಾಣಿಸಿಕೊಂಡರೆ ಸಾವು ಬಹುಮಟ್ಟಿಗೆ ಖಚಿತ. 1885ರಲ್ಲಿ ಫ್ರಾನ್ಸಿನ ಲೂಯಿ ಪಾಸ್ಚರ್ ಲಸಿಕೆಯನ್ನು ಮನುಷ್ಯನ ಮೇಲೆ ಮೊದಲು ಪ್ರಯೋಗಿಸಿದರು. ಭಾರತದಲ್ಲಿ 1900ರಲ್ಲಿ ಕಸೌಲಿಯಲ್ಲಿಯೂ, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿಯೂ ಪಾಸ್ಚರ್ ಸಂಸ್ಥೆಗಳು ಆರಂಭವಾದವು. ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಮಂಗಳೂರಿಗೆ ರೈಲು ಬಂದದ್ದೂ ಅದೇ 1907ರಲ್ಲಿ.

ಆ ಕಾಲದ ಲಸಿಕೆಯ ಬಗ್ಗೆ ಜೈನ ಓದುಗರು ತಿಳಿಯಬೇಕಾದ ಸಂಗತಿಯೊಂದಿದೆ. ಹೊಟ್ಟೆಯ ಸುತ್ತ ಚುಚ್ಚುತ್ತಿದ್ದ ಹದಿನಾಲ್ಕು ಸೂಜಿಗಳನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಆ ಮದ್ದನ್ನು ರೋಗ ಹಚ್ಚಿದ ಕುರಿಗಳ ಮೆದುಳಿನಿಂದ ತಯಾರಿಸುತ್ತಿದ್ದರು. ಒಬ್ಬನ ಉದಾಸೀನದಿಂದ ಒಂದು ನಾಯಿ ಕಡಿದರೆ, ಕಡಿಸಿಕೊಂಡವನ ಪ್ರಾಣ ಉಳಿಸಲು ಕುರಿಯೊಂದು ಪ್ರಾಣ ಕೊಡಬೇಕಾಗಿತ್ತು. ಕೋಶಗಳಲ್ಲಿ ಬೆಳೆಸಿದ ಹೊಸ ಲಸಿಕೆಗಳು ಬಂದ ಮೇಲೆ, 2005ರ ಹೊತ್ತಿಗೆ, ಕುರಿಯ ಮೆದುಳಿನ ಲಸಿಕೆಯನ್ನು ದೇಶದಲ್ಲಿ ಕೈಬಿಡಲಾಯಿತು. ಹಿಂಸೆ ಎಲ್ಲಿಂದ ಆರಂಭವಾಗಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಇದು ನಿದರ್ಶನ.

ಐದು ಅತಿಚಾರಗಳು ಮತ್ತು 1960ರ ಕಾಯಿದೆ

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಕಟ್ಟಿಹಾಕುವುದು ಬಂಧ, ಹೊಡೆಯುವುದು ವಧ, ಅಂಗವನ್ನು ಕತ್ತರಿಸುವುದು ಛೇದ, ಮಿತಿಮೀರಿ ಭಾರ ಹೇರುವುದು ಅತಿಭಾರಾರೋಪಣ, ಅನ್ನನೀರು ತಡೆಯುವುದು ಅನ್ನಪಾನನಿರೋಧ. ಇವು ಕಾಡುಪ್ರಾಣಿಗಳಿಗೆ ಸಂಬಂಧಿಸಿದ ದೋಷಗಳಲ್ಲ. ಮನುಷ್ಯನ ಅಧೀನದಲ್ಲಿರುವ ಪ್ರಾಣಿಗೆ ಅವನಿಂದ ಆಗಬಹುದಾದ ಅನ್ಯಾಯಗಳು. ಕೊಲ್ಲುವುದಿಲ್ಲ ಎಂದು ವ್ರತ ತೊಟ್ಟವನೂ ಜಾರಿ ಬೀಳುವ ಐದು ಮೆಟ್ಟಿಲುಗಳು.

ಸ್ವತಂತ್ರ ಭಾರತದ ಸಂಸತ್ತು 1960ರಲ್ಲಿ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯನ್ನು ಮಾಡಿತು. ನೃತ್ಯಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ಅವರು ರಾಜ್ಯಸಭೆಯ ಸದಸ್ಯೆಯಾಗಿ ಮಂಡಿಸಿದ ಖಾಸಗಿ ಮಸೂದೆ ಇದಕ್ಕೆ ಪ್ರೇರಣೆ. ಕಾಯಿದೆಯ 11ನೆಯ ಪ್ರಕರಣವನ್ನು ಓದಿದ ಶ್ರಾವಕನಿಗೆ ಪರಿಚಿತ ಧ್ವನಿಯೊಂದು ಕೇಳಿಸುತ್ತದೆ. ಹೊಡೆಯುವುದು, ಒದೆಯುವುದು, ಮಿತಿಮೀರಿ ಭಾರ ಹೇರುವುದು ಅಪರಾಧ. ತೀರ ಗಿಡ್ಡವಾದ ಅಥವಾ ಭಾರವಾದ ಸರಪಳಿಯಿಂದ ಬಹುಹೊತ್ತು ಕಟ್ಟುವುದು ಅಪರಾಧ. ಅಂಗಭಂಗ ಮಾಡುವುದು, ಅನ್ನ ನೀರು ನೆರಳು ಒದಗಿಸದಿರುವುದು ಅಪರಾಧ. ಐದೂ ಅತಿಚಾರಗಳು ಅಲ್ಲಿವೆ. ಅದರಲ್ಲಿಯೂ ನಾಯಿಯನ್ನೇ ಹೆಸರಿಸಿ ಒಂದು ಮಾತಿದೆ: ಯಾವಾಗಲೂ ಕಟ್ಟಿಹಾಕಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿಹಾಕಿದ ನಾಯಿಗೆ ತಕ್ಕಷ್ಟು ಅಡ್ಡಾಟ ನೀಡದ ಒಡೆಯನು ತಪ್ಪಿತಸ್ಥ. ಇಂಥ ಅಪರಾಧ ಮೊದಲ ಬಾರಿಯದಾದರೆ ಆ ಕಾಯಿದೆ ಗೊತ್ತುಮಾಡಿದ ದಂಡ 10ರಿಂದ 50 ರೂಪಾಯಿ ಮಾತ್ರ. ದಂಡದ ಭಯದಿಂದ ಯಾರೂ ತಿದ್ದಿಕೊಳ್ಳಲಾರರು. ವ್ರತದ ಭಯವೇ ಇಲ್ಲಿ ಕೆಲಸ ಮಾಡಬೇಕು.

ಈ ಐದನ್ನು ಮಂಗಳೂರಿನ ಮನೆಗೆ ಅನ್ವಯಿಸಿ ನೋಡಬಹುದು. ಆಟಿ ತಿಂಗಳ ಜಡಿಮಳೆಯಲ್ಲಿ ಒದ್ದೆ ನೆಲದ ಮೇಲೆ ಎರಡು ಮೊಳದ ಸರಪಳಿಯಲ್ಲಿ ನಾಯಿಯನ್ನು ಬಿಟ್ಟರೆ ಅದು ಬಂಧ. ಹಾಗೆ ಸದಾ ಕಟ್ಟಿದ ನಾಯಿ ಸಿಡುಕಾಗುತ್ತದೆ. ಒಂದು ದಿನ ಕಳಚಿಕೊಂಡಾಗ ಮೊದಲು ಎದುರಾದ ಮಗುವನ್ನು ಕಚ್ಚುತ್ತದೆ. ಪಾಠ ಕಲಿಸಲೆಂದು ಕೋಲು ಹಿಡಿದರೆ ವಧ. ಅಂದಕ್ಕಾಗಿ ಬಾಲ ಕಿವಿ ಕತ್ತರಿಸಿದರೆ ಛೇದ. ನಾಯಿಗೆ ಯಾರೂ ಮೂಟೆ ಹೊರಿಸುವುದಿಲ್ಲ, ನಿಜ. ಆದರೆ ಚಳಿನಾಡಿನ ತಳಿಯನ್ನು ತಂದು ಕರಾವಳಿಯ ಏಪ್ರಿಲ್ ತಿಂಗಳ ಸೆಕೆಯನ್ನು ಅದರ ಮೈಮೇಲೆ ಹೇರುವುದು ಭಾರವಲ್ಲದೆ ಇನ್ನೇನು? ಪ್ರವಾಸ ಹೋಗುವಾಗ ಎರಡು ದಿನದ ಅನ್ನವನ್ನು ಒಮ್ಮೆಗೇ ಸುರಿದು ಬೀಗ ಹಾಕಿ ಹೋದರೆ ಅದು ಅನ್ನಪಾನನಿರೋಧಕ್ಕೆ ಸಮಾನ.

ಆಹಾರದ ಪ್ರಶ್ನೆ ಜೈನ ಮನೆಗಳಲ್ಲಿ ವಿಶೇಷವಾದದ್ದು. ಬೆಕ್ಕಿಗೆ ಮಾಂಸವಿಲ್ಲದೆ ಆರೋಗ್ಯವಾಗಿ ಬದುಕುವುದು ಕಷ್ಟ. ನಾಯಿಯ ಸಂಗತಿ ಹಾಗಲ್ಲ. ಸಾವಿರಾರು ವರ್ಷ ಮನುಷ್ಯನ ಜೊತೆಗಿದ್ದು ಅದರ ದೇಹ ಪಿಷ್ಟಪದಾರ್ಥವನ್ನು ಜೀರ್ಣಿಸಿಕೊಳ್ಳುವ ಶಕ್ತಿಯನ್ನು ತೋಳಕ್ಕಿಂತ ಹೆಚ್ಚಾಗಿ ಪಡೆದಿದೆ. 2013ರಲ್ಲಿ ಪ್ರಕಟವಾದ ವಂಶವಾಹಿ ಸಂಶೋಧನೆ ಇದನ್ನು ತೋರಿಸಿತು. ಹಾಗೆಂದು ಬರಿಯ ಗಂಜಿ ಅನ್ನ ಸಾಲದು. ಸಸ್ಯಾಹಾರದಲ್ಲಿ ಸಾಕುವವರು ಪಶುವೈದ್ಯರ ಸಲಹೆಯಂತೆ ಸಾಕಷ್ಟು ಸಸಾರಜನಕ ಮತ್ತು ಪೋಷಕಾಂಶಗಳಿರುವ ಆಹಾರವನ್ನು ಒದಗಿಸಲೇಬೇಕು. ಈರುಳ್ಳಿ ಬೆಳ್ಳುಳ್ಳಿ ನಾಯಿಗೆ ವಿಷ. ದ್ರಾಕ್ಷಿಯೂ ಚಾಕೊಲೇಟೂ ಅಪಾಯಕರ. ಮೊದಲ ಎರಡರ ವಿಷಯದಲ್ಲಾದರೂ ಜೈನ ಅಡುಗೆಮನೆ ನಾಯಿಗೆ ಸುರಕ್ಷಿತವಾದ ಸ್ಥಳ.

ರಸ್ತೆ, ಉದ್ಯಾನ, ಕಡಲತೀರ

ಮನೆಯ ಹೊಸ್ತಿಲು ದಾಟಿದ ಮೇಲೆ ಹೊಣೆ ಎರಡು ಪಟ್ಟಾಗುತ್ತದೆ. 1860ರ ದಂಡಸಂಹಿತೆಯ 289ನೆಯ ಪ್ರಕರಣ, ತನ್ನ ವಶದಲ್ಲಿರುವ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ಎಚ್ಚರ ವಹಿಸದವನನ್ನು ಅಪರಾಧಿಯೆಂದು ಕರೆಯಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಪ್ರಕರಣ ಅದನ್ನೇ ಮುಂದುವರಿಸಿ, ಆರು ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿವರೆಗಿನ ದಂಡವನ್ನು ಇಲ್ಲವೆ ಎರಡನ್ನೂ ವಿಧಿಸಿದೆ. ಕಚ್ಚಿದ್ದು ನಾಯಿಯಾದರೂ ನ್ಯಾಯಾಲಯದಲ್ಲಿ ನಿಲ್ಲುವವನು ಒಡೆಯ. ಪ್ರಮಾದದಿಂದ ಪ್ರಾಣಕ್ಕೆ ಕುತ್ತು ತರುವುದೇ ಹಿಂಸೆ ಎಂದು ತತ್ತ್ವಾರ್ಥಸೂತ್ರವು ಕೊಡುವ ಲಕ್ಷಣಕ್ಕೂ ಈ ಕಾನೂನಿಗೂ ದೂರವಿಲ್ಲ. ದ್ವೇಷವಿರಬೇಕಾಗಿಲ್ಲ, ಅಜಾಗರೂಕತೆ ಇದ್ದರೆ ಸಾಕು.

ನಾಯಿಗಳಿಗೆಂದೇ ಉದ್ಯಾನಗಳನ್ನು ಮಾಡುವ ಪದ್ಧತಿ ಪಾಶ್ಚಾತ್ಯ ನಗರಗಳಿಂದ ಭಾರತಕ್ಕೂ ಬಂದಿದೆ. ಹೈದರಾಬಾದಿನ ಕೊಂಡಾಪುರದಲ್ಲಿ 2018ರಲ್ಲಿ ಅಲ್ಲಿನ ಮಹಾನಗರಪಾಲಿಕೆ ಅಂಥ ಉದ್ಯಾನವೊಂದನ್ನು ತೆರೆಯಿತು. ದೊಡ್ಡ ನಾಯಿಗಳಿಗೂ ಸಣ್ಣ ನಾಯಿಗಳಿಗೂ ಬೇರೆ ಬೇರೆ ಆವರಣಗಳಿರುವುದು ಅಂಥ ಉದ್ಯಾನಗಳ ಮೊದಲ ನಿಯಮ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಇದೇ ವಿಷಯ 2022ರಲ್ಲಿ ವಿವಾದವಾಯಿತು. ನಾಯಿಗಳನ್ನು ಪಟ್ಟಿಯಿಲ್ಲದೆ ಬಿಡುತ್ತಾರೆ, ಮಲವನ್ನು ತೆಗೆಯುವುದಿಲ್ಲ ಎಂಬ ದೂರುಗಳು ಬಂದು, ಜುಲೈ 1ರಿಂದ ಸಾಕುನಾಯಿಗಳ ಪ್ರವೇಶವನ್ನೇ ನಿಷೇಧಿಸುವ ಮಾತಾಯಿತು. ವಿರೋಧ ಬಂದ ಮೇಲೆ ಅದನ್ನು ತಡೆಹಿಡಿಯಲಾಯಿತು. ಕೆಲವರ ಉದಾಸೀನದಿಂದ ಎಲ್ಲ ನಾಯಿಗಳೂ ತಮ್ಮ ಹಸಿರು ಜಾಗವನ್ನು ಕಳೆದುಕೊಳ್ಳುವ ಸ್ಥಿತಿ ಬಂದಿತ್ತೆಂಬುದನ್ನು ಮಂಗಳೂರಿನವರು ಮರೆಯಬಾರದು.

ಪಣಂಬೂರು, ತಣ್ಣೀರುಬಾವಿಯ ಕಡಲತೀರಗಳಲ್ಲಿ, ನೆಹರೂ ಮೈದಾನದ ಸುತ್ತಿನಲ್ಲಿ ಸಂಜೆ ಮಕ್ಕಳೂ ವೃದ್ಧರೂ ಸೇರುತ್ತಾರೆ. ಅಂಥ ಕಡೆ ನಾಯಿಯ ಕೊರಳಪಟ್ಟಿಯ ಹಗ್ಗ ಸದಾ ಒಡೆಯನ ಕೈಯಲ್ಲಿರಬೇಕು. ಆ ಹಗ್ಗವನ್ನು ಹಿಡಿಯುವವರು ನಾಯಿಯನ್ನು ತಡೆದು ನಿಲ್ಲಿಸಬಲ್ಲ ದೊಡ್ಡವರಾಗಿರಬೇಕು. ತನ್ನ ನಾಯಿ ಏನೂ ಮಾಡುವುದಿಲ್ಲ ಎಂಬ ಮಾತು ಎದುರಿನವರ ಭಯವನ್ನು ಕಳೆಯುವುದಿಲ್ಲ; ಭಯಪಡಿಸುವುದೂ ಹಿಂಸೆಯೇ. ಅಪರಿಚಿತ ನಾಯಿಯ ಬಳಿಗೆ ತನ್ನ ನಾಯಿಯನ್ನು ಬಿಡುವ ಮೊದಲು ಇನ್ನೊಬ್ಬ ಒಡೆಯನನ್ನು ಕೇಳಬೇಕು. ಬೆದೆಯಲ್ಲಿರುವ ಹೆಣ್ಣುನಾಯಿಯನ್ನು, ಲಸಿಕೆ ಪೂರ್ಣವಾಗದ ಮರಿಯನ್ನು, ರೋಗವಿರುವ ನಾಯಿಯನ್ನು ನಾಲ್ಕು ನಾಯಿಗಳು ಸೇರುವ ಕಡೆಗೆ ಒಯ್ಯಬಾರದು. ಮಲವನ್ನು ಒಡೆಯನೇ ತೆಗೆಯಬೇಕು. ಅದು ಪೌರಕಾರ್ಮಿಕರ ಕೆಲಸವಲ್ಲ. ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಮಲವಿಸರ್ಜನೆಯ ಎಚ್ಚರವೂ ಒಂದು ಎಂಬುದನ್ನು ಬಲ್ಲ ಶ್ರಾವಕನಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ಆಮೇಲೆ ವೈದ್ಯರು ಹೇಳಿದಂತೆ ವರ್ಷವರ್ಷವೂ ಹಾಕಿಸಬೇಕು. ಮಳೆಗಾಲದಲ್ಲಿ ಕರಾವಳಿಯನ್ನು ಕಾಡುವ ಇಲಿಜ್ವರ ನಾಯಿಗೂ ಬರುತ್ತದೆ, ಅದಕ್ಕೂ ಲಸಿಕೆಯುಂಟು. ಯಾರನ್ನಾದರೂ ನಾಯಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ವೆನ್ಲಾಕ್ ಜಿಲ್ಲಾ ಆಸ್ಪತ್ರೆಗಾಗಲಿ ಹತ್ತಿರದ ಬೇರೆ ಆಸ್ಪತ್ರೆಗಾಗಲಿ ಹೋಗಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಹಚ್ಚಿ ಕಾಲ ಕಳೆಯಬಾರದು. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ನೂರಕ್ಕೆ 99ರಷ್ಟು ನಾಯಿಗಳಿಂದ ಬರುವುದೆಂದೂ, ಒಂದು ಪ್ರದೇಶದ ನೂರು ನಾಯಿಗಳಲ್ಲಿ 70ಕ್ಕೆ ಲಸಿಕೆಯಾದರೆ ರೋಗದ ಸರಪಳಿ ಕಡಿಯುತ್ತದೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2030ರೊಳಗೆ ಈ ರೋಗವನ್ನು ತೊಲಗಿಸುವ ರಾಷ್ಟ್ರೀಯ ಯೋಜನೆಯನ್ನು ಭಾರತ 2021ರಲ್ಲಿ ಪ್ರಕಟಿಸಿತು.

ಸಂತಾನಹರಣದ ಧರ್ಮಸಂಕಟ

ಜೈನ ಮನಸ್ಸನ್ನು ಹೆಚ್ಚು ಕಾಡುವ ಪ್ರಶ್ನೆ ಸಂತಾನಹರಣ ಶಸ್ತ್ರಚಿಕಿತ್ಸೆಯದು. ಅಂಗವನ್ನು ಕತ್ತರಿಸುವುದು ಛೇದವಲ್ಲವೆ, ಒಂದು ಜೀವದ ಪ್ರಕೃತಿಸಹಜ ಧರ್ಮಕ್ಕೆ ಅಡ್ಡಬರುವ ಅಧಿಕಾರ ಮನುಷ್ಯನಿಗೆಲ್ಲಿಯದು ಎಂದು ಹಿರಿಯರು ಕೇಳುತ್ತಾರೆ. ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು.

ಆದರೆ ಇನ್ನೊಂದು ಕಡೆಯನ್ನೂ ನೋಡಬೇಕು. ಹೆಣ್ಣುನಾಯಿ ಸುಮಾರು ಎರಡು ತಿಂಗಳು ಗರ್ಭ ಧರಿಸಿ ಒಮ್ಮೆಗೆ ಹಲವು ಮರಿಗಳನ್ನು ಹಾಕುತ್ತದೆ. ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಸಾಕಿದ ನಾಯಿ ಹಾಕಿದ ಮರಿಗಳನ್ನು, ಅದರಲ್ಲಿಯೂ ಹೆಣ್ಣುಮರಿಗಳನ್ನು, ಗೋಣಿಚೀಲದಲ್ಲಿ ತುಂಬಿ ಮೀನುಪೇಟೆಯ ಬಳಿಯೋ ದೇವಸ್ಥಾನದ ಬಳಿಯೋ ಬಿಟ್ಟುಬರುವ ಅಭ್ಯಾಸ ಎಲ್ಲರಿಗೂ ತಿಳಿದದ್ದೇ. ಬಿಟ್ಟವನು ಯಾರಾದರೂ ಅನ್ನ ಹಾಕುತ್ತಾರೆ ಎಂದು ಸಮಾಧಾನ ಮಾಡಿಕೊಳ್ಳುತ್ತಾನೆ. ಆ ಮರಿಗಳಲ್ಲಿ ಹೆಚ್ಚಿನವು ಮಳೆಗೋ ಹಸಿವಿಗೋ ವಾಹನಕ್ಕೋ ಬಲಿಯಾಗುತ್ತವೆ. ಕಾರಣವಿಲ್ಲದೆ ಪ್ರಾಣಿಯನ್ನು ತೊರೆಯುವುದು 1960ರ ಕಾಯಿದೆಯ ಪ್ರಕಾರವೂ ಅಪರಾಧ.

ಬೀದಿನಾಯಿಗಳನ್ನು ಕೊಲ್ಲುವ ಬದಲು ಸಂತಾನ ನಿಯಂತ್ರಿಸಿ ಲಸಿಕೆ ಹಾಕಿ ಬಿಡುವ ಮಾರ್ಗವನ್ನು ಮದ್ರಾಸಿನ ಬ್ಲೂ ಕ್ರಾಸ್ ಸಂಸ್ಥೆ 1960ರ ದಶಕದಲ್ಲಿಯೇ ಸೂಚಿಸಿತು. 2001ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಯಮವನ್ನಾಗಿ ಮಾಡಿತು. 2023ರಲ್ಲಿ ಹೊಸ ನಿಯಮಗಳು ಬಂದವು. ಮಂಗಳೂರಿನಲ್ಲಿ ಶಕ್ತಿನಗರದ ಆನಿಮಲ್ ಕೇರ್ ಟ್ರಸ್ಟ್ ಈ ಕಾರ್ಯವನ್ನು ನಡೆಸಿದೆ. ನೂರೈವತ್ತು ವರ್ಷ ವಿಷ ಮತ್ತು ಬಂದೂಕುಗಳಿಂದ ಆಗದಿದ್ದುದನ್ನು ಕೊಲ್ಲದೆ ಸಾಧಿಸುವ ಪ್ರಯತ್ನವಿದು.

ಆಚಾರ್ಯ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟ ದೃಷ್ಟಾಂತವೊಂದು ಇಲ್ಲಿ ದಾರಿ ತೋರಿಸುತ್ತದೆ. ಮುನಿಯ ಮೈಮೇಲಿನ ಹುಣ್ಣನ್ನು ಕರುಣೆಯುಳ್ಳ ವೈದ್ಯನು ಶಸ್ತ್ರದಿಂದ ಕೊಯ್ಯುತ್ತಾನೆ, ನೋವಾಗುತ್ತದೆ, ಆದರೂ ಕಷಾಯವಿಲ್ಲದ ಆ ವೈದ್ಯನಿಗೆ ಪಾಪಬಂಧವಿಲ್ಲ. ಅಂದಕ್ಕಾಗಿ ಬಾಲ ಕತ್ತರಿಸುವವನ ಕೈಯಲ್ಲಿಯೂ, ಅರಿವಳಿಕೆ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುವ ಪಶುವೈದ್ಯನ ಕೈಯಲ್ಲಿಯೂ ಇರುವುದು ಕತ್ತಿಯೇ. ಭಾವ ಮಾತ್ರ ಬೇರೆ. ಈ ದೃಷ್ಟಾಂತ ಸಂತಾನಹರಣಕ್ಕೆ ಪೂರ್ತಿ ಹೊಂದುವುದಿಲ್ಲ ಎನ್ನುವವರು ಇರಬಹುದು. ಹುಣ್ಣು ರೋಗ, ಸಂತಾನ ರೋಗವಲ್ಲ. ಹಾಗೆ ಭಾವಿಸುವವರಿಗೂ ಒಂದು ದಾರಿ ತೆರೆದಿದೆ: ತಮ್ಮ ನಾಯಿ ಹಾಕಿದ ಪ್ರತಿಯೊಂದು ಮರಿಯನ್ನೂ ಅದರ ಆಯುಷ್ಯವಿರುವವರೆಗೆ ತಾವೇ ಸಾಕುವುದು, ಅಥವಾ ಆರಂಭದಿಂದಲೇ ಗಂಡು ಹೆಣ್ಣುಗಳನ್ನು ಬೇರೆಯಾಗಿ ಕಾಯುವುದು. ಶಸ್ತ್ರಚಿಕಿತ್ಸೆಯೂ ಬೇಡ, ಮರಿಗಳ ಹೊಣೆಯೂ ಬೇಡ ಎನ್ನುವ ಮೂರನೆಯ ದಾರಿಯೊಂದು ಶ್ರಾವಕಾಚಾರದಲ್ಲಿ ಇಲ್ಲ.

ಬಸದಿಯ ಅಂಗಳ

ಬಸದಿಗಳ ಆಡಳಿತ ಮಂಡಳಿಗಳಿಗೂ ಇದರಲ್ಲಿ ಪಾಲಿದೆ. ಉತ್ಸವ, ಅಭಿಷೇಕ, ಊಟದ ದಿನಗಳಲ್ಲಿ ಎಂಜಲೆಲೆಗಳು ತೆರೆದ ಜಾಗದಲ್ಲಿ ಬಿದ್ದರೆ ನಾಯಿಗಳು ಬಂದೇ ಬರುತ್ತವೆ. ಬಂದ ಮೇಲೆ ಕಲ್ಲು ಹೊಡೆದು ಓಡಿಸುವುದು ಜೀವಂಧರನ ಕಥೆಯ ಯಜ್ಞದವರ ಕೆಲಸವನ್ನೇ ಮತ್ತೆ ಮಾಡಿದಂತೆ. ಎಲೆಗಳನ್ನು ಕೂಡಲೆ ಮುಚ್ಚಿದ ತೊಟ್ಟಿಗೆ ಹಾಕುವುದು ಮೊದಲ ಕೆಲಸ. ಅನ್ನ ಹಾಕುವ ಭಕ್ತರಿಗೆ ಹೆಬ್ಬಾಗಿಲಿನಿಂದಲೂ ಮಕ್ಕಳು ಆಡುವ ಜಾಗದಿಂದಲೂ ದೂರವಾದ ಒಂದು ಮೂಲೆಯನ್ನೂ ಗೊತ್ತಾದ ಹೊತ್ತನ್ನೂ ನಿಗದಿ ಮಾಡುವುದು ಎರಡನೆಯದು. 2023ರ ನಿಯಮಗಳು ವಸತಿ ಸಂಕೀರ್ಣಗಳಿಗೆ ಹೇಳಿದ್ದು ಇದನ್ನೇ. ಸರ್ವೋಚ್ಚ ನ್ಯಾಯಾಲಯವೂ 2025ರ ಆಗಸ್ಟ್ 22ರ ಆದೇಶದಲ್ಲಿ ನಿಗದಿಯಾದ ಸ್ಥಳಗಳಲ್ಲಿ ಮಾತ್ರ ಬೀದಿನಾಯಿಗಳಿಗೆ ಆಹಾರ ಹಾಕಬೇಕೆಂದಿತು. ಅದೇ ವರ್ಷ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ ಮೊದಲಾದ ಸ್ಥಳಗಳಿಂದ ಬೀದಿನಾಯಿಗಳನ್ನು ತೆರವುಗೊಳಿಸಲು ಆದೇಶಿಸಿತು. ಶಾಲೆ, ವಿದ್ಯಾರ್ಥಿನಿಲಯಗಳನ್ನು ನಡೆಸುವ ಟ್ರಸ್ಟುಗಳು ಇದನ್ನು ತಿಳಿದಿರಬೇಕು.

ಅಂಗಳದಲ್ಲಿ ನೆಲೆಸಿದ ನಾಯಿಗಳಿಗೆ ಲಸಿಕೆಯಾಗಿದೆಯೆ, ಸಂತಾನ ನಿಯಂತ್ರಣವಾಗಿದೆಯೆ ಎಂಬುದನ್ನು ಒಬ್ಬ ಟ್ರಸ್ಟಿ ವರ್ಷಕ್ಕೊಮ್ಮೆ ನೋಡಿಕೊಂಡು, ಆಗಿಲ್ಲದಿದ್ದರೆ ಮಹಾನಗರಪಾಲಿಕೆಗೆ ತಿಳಿಸಬಹುದು. ಶಸ್ತ್ರಚಿಕಿತ್ಸೆಯಾದ ಬೀದಿನಾಯಿಯ ಕಿವಿಯ ಅಂಚಿನಲ್ಲಿ ಗುರುತು ಇರುತ್ತದೆ, ಕಂಡುಹಿಡಿಯುವುದು ಕಷ್ಟವಲ್ಲ. ಜೀವದಯೆಯ ಹೆಸರಿನಲ್ಲಿ ಬರುವ ದಾನದ ಒಂದು ಭಾಗವನ್ನು ಇದಕ್ಕೆ ಮೀಸಲಿಟ್ಟರೆ ಅದು ಅನ್ನದಾನಕ್ಕಿಂತ ಕಡಿಮೆಯ ಪುಣ್ಯವಲ್ಲ. ಲಸಿಕೆಯಿಲ್ಲದ ನಾಯಿಗೆ ದಿನವೂ ಅನ್ನ ಹಾಕಿ ಬಸದಿಯ ಬಾಗಿಲಲ್ಲಿ ನಿಲ್ಲಿಸಿಕೊಂಡರೆ ದಯೆಯೂ ಅರೆಯಾಗುತ್ತದೆ, ಭಕ್ತರ ಮಕ್ಕಳಿಗೆ ಅಪಾಯವೂ ಆಗುತ್ತದೆ.

ಮನೆಯಲ್ಲಿ ಮಗುವೊಂದು ನಾಯಿಮರಿ ಬೇಕೆಂದು ಹಟ ಮಾಡಿದಾಗ ಹಿರಿಯರು ಏನು ಹೇಳಬೇಕು? ನಾಯಿ ಹತ್ತರಿಂದ ಹದಿನೈದು ವರ್ಷ ಬದುಕುವ ಜೀವ. ಮಗು ಓದಲು ಬೆಂಗಳೂರಿಗೆ ಹೋದ ಮೇಲೂ ಅದು ಮನೆಯಲ್ಲಿರುತ್ತದೆ. ಮುದಿಯಾಗಿ, ಕಣ್ಣು ಕಾಣದೆ, ನಡೆಯಲಾರದೆ ಇರುತ್ತದೆ. ಆ ದಿನದವರೆಗೂ ಬೆಳಗು ಸಂಜೆ ಅಡ್ಡಾಡಿಸುವವರು ಯಾರು, ಮಳೆಗಾಲದಲ್ಲಿ ಮೈ ಒರೆಸಿ ಉಣ್ಣೆ ತೆಗೆಯುವವರು ಯಾರು, ದೀಪಾವಳಿಯ ಪಟಾಕಿಗೆ ಬೆದರಿದಾಗ ಪಕ್ಕದಲ್ಲಿ ಕುಳಿತುಕೊಳ್ಳುವವರು ಯಾರು, ವೈದ್ಯರ ವೆಚ್ಚ ಕೊಡುವವರು ಯಾರು ಎಂದು ಮನೆಮಂದಿಯೆಲ್ಲ ಕುಳಿತು ಹೆಸರು ಹೇಳಿ ಗೊತ್ತುಮಾಡಬೇಕು. ಹೆಸರು ಹೇಳಲಾಗದಿದ್ದರೆ ಸಾಕದಿರುವುದೇ ಅಹಿಂಸೆ. ಹೇಳಲಾದರೆ, ಪೇಟೆಯಲ್ಲಿ ಬೆಲೆ ಕೊಟ್ಟು ತರುವ ಮೊದಲು, ಯಾರೋ ಬಿಟ್ಟುಹೋದ ಊರತಳಿಯ ಮರಿಯೊಂದಕ್ಕೆ ಮನೆಯ ಬಾಗಿಲು ತೆರೆಯಬಹುದೇ ಎಂದು ಯೋಚಿಸಬೇಕು. ಜೀವಂಧರನ ಎದುರಿಗೆ ಬಿದ್ದಿದ್ದ ನಾಯಿಗೂ ಯಾವ ಒಡೆಯನೂ ಇರಲಿಲ್ಲ.